ಸಯನ್‌ನಲ್ಲಿ ಉದ್ದು ರುಬ್ಬಿದ ಬೈಕುಲ್ಲಾದ ಬಿಸಿಲು

ದಾದರ್

ಮುಂಬೈಗೆ ಹೋಗುವವರು ಬಟ್ಟೆಬರೆ ಒಯ್ಯುತ್ತಾರೆ, ನೆಂಟರಿಗೆಂದು ತಿಂಡಿ ಒಯ್ಯುತ್ತಾರೆ. ನಾವು ಜೋಳದ ಚೀಲದಲ್ಲಿ ಒಂದು ಮೋಟಾರ್ ಕಟ್ಟಿಕೊಂಡು ಹೋಗಿದ್ದೆವು.

ನಾವು ಎಂದರೆ ನಾನು ಮತ್ತು ಮಾಬೂಬಿ. ಕುಷ್ಟಗಿ ಕಡೆಯ ನಮ್ಮೂರಿನಲ್ಲಿ ಹದಿನಾರು ಹೆಂಗಸರು ಸೇರಿ ನಡೆಸುವ ರೊಟ್ಟಿ ಕೇಂದ್ರವಿದೆ. ನಾನು ಅದರ ಕಾರ್ಯದರ್ಶಿ, ಮಾಬೂಬಿ ಅಲ್ಲಿಯ ಯಂತ್ರ ನೋಡಿಕೊಳ್ಳುವವಳು. ಜೋಳದ ಹಿಟ್ಟು ನಾದಿ, ಒತ್ತಿ, ತೆಳ್ಳಗೆ ಮಾಡಿಕೊಡುವ ಯಂತ್ರ ಅದು. ಅದು ಬರುವ ಮುಂಚೆ ಎಲ್ಲವನ್ನೂ ಕೈಯಲ್ಲೇ ಬಡಿಯುತ್ತಿದ್ದೆವು. ನನ್ನ ಬಲಗೈಯ ಮಣಿಕಟ್ಟು ಇವತ್ತಿಗೂ ಒಂದು ತಂಬಿಗೆ ನೀರು ಎತ್ತಲು ಹಿಂದೆಮುಂದೆ ನೋಡುತ್ತದೆ. ಯಂತ್ರ ಬಂದ ಮೇಲೆ ಕೈ ಬಚಾವಾಯಿತು, ಆದರೆ ಕರೆಂಟಿನ ಕೈಗೆ ಸಿಕ್ಕಿಬಿದ್ದೆವು. ಅದು ಬರುವ ಹೊತ್ತು ಅದಕ್ಕೇ ಗೊತ್ತು. ಛಾವಣಿಯ ಮೇಲೆ ಸೋಲಾರ್ ಹಾಕಿಸಿದೆವು. ಬಿಸಿಲಿಗೇನು ನಮ್ಮಲ್ಲಿ ಕೊರತೆಯಿಲ್ಲ. ಆದರೆ ಹಾಸ್ಟೆಲಿನ ಮಕ್ಕಳಿಗೆ ರೊಟ್ಟಿ ಮುಟ್ಟಬೇಕಾದದ್ದು ಬೆಳಿಗ್ಗೆ ಏಳಕ್ಕೆ, ನಾವು ಯಂತ್ರ ಹಚ್ಚುವುದು ಸೂರ್ಯ ಏಳುವ ಮೊದಲು. ಅದಕ್ಕೆಂದೇ ತಂದ ಆ್ಯಸಿಡ್ ಬ್ಯಾಟರಿಗಳು ಎರಡನೆಯ ಬೇಸಿಗೆಗೆ ಹೊಟ್ಟೆ ಉಬ್ಬಿಸಿಕೊಂಡು ಸತ್ತವು. ಮಾರಿದವನು ಫೋನ್ ಎತ್ತುವುದನ್ನು ಅದಕ್ಕೂ ಮುಂಚೆಯೇ ನಿಲ್ಲಿಸಿದ್ದ. ಜೂನ್ ನಂತರ ಒಂದು ದಿನ ರೊಟ್ಟಿ ತಪ್ಪಿದರೂ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹಾಸ್ಟೆಲಿನವರು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ನಮಗೆ ಹೆಚ್ಚು ಹೆದರಿಕೆಯಾಯಿತು.

ಆಗ ಬಂದದ್ದು ದಸ್ತಗೀರನ ಫೋನ್. ಅವನು ಮಾಬೂಬಿಯ ಸೋದರಮಾವನ ಮಗ, ಬೈಕುಲ್ಲಾದಲ್ಲಿ ಒಂದು ಸ್ಟಾರ್ಟಪ್ ಕಂಪನಿಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ. "ನಮ್ಮ ಮೇಡಂ ಉಪ್ಪಿನ ಬ್ಯಾಟರಿ ಮಾಡ್ಯಾರ. ಬಿಸಿಲಿಗೆ ಸಾಯಂಗಿಲ್ಲ. ಬಿಸಿಲು, ಧೂಳು ಜಗ್ಗಿ ಇರೋ ಊರಾಗ ಒಂದು ವರ್ಷ ಇಟ್ಟು ನೋಡಬೇಕಂತ ಹುಡುಕಾಕತ್ತಾರ," ಎಂದ. ಉಪ್ಪಿನ ಬ್ಯಾಟರಿ ಎಂದೊಡನೆ ಕೇಂದ್ರದಲ್ಲಿ ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಹಿಂದಿನ ಬ್ಯಾಟರಿ ತರಲು ಸಹಿ ಹಾಕಿದವಳು ನಾನೇ. ಈ ಸಲ ನೋಡದೆ ಒಪ್ಪುವುದಿಲ್ಲ ಎಂದೆ.

"ನೋಡಿದ್ರ ಏನ್ ಗೊತ್ತಾಕೈತಿ ಗಂಗಕ್ಕ?" ಎಂದಳು ಮಾಬೂಬಿ. "ಹಾಸ್ಟೆಲಿಗೆ ರಜಾ ಐತಿ, ಯಂತ್ರ ಸುಮ್ನ ನಿಂತೈತಿ. ನಮ್ಮ ಮೋಟಾರೇ ಒಯ್ಯೋಣು. ಅದನ್ನ ಎಬ್ಬಿಸಿದ್ರ ಖರೆ ಅನ್ನೋಣು."

ಹಾಗೆ ಕರ್ನಾಟಕದ ಗಡಿಯನ್ನೇ ದಾಟಿರದ ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಗದಗಿನಿಂದ ರೈಲು ಹತ್ತಿದೆ. ನನ್ನ ಮಟ್ಟಿಗೆ ಅದು ಪರದೇಶ ಪ್ರಯಾಣವೇ.

ದಾದರ್‌ನಲ್ಲಿ ಇಳಿಯುತ್ತಿದ್ದಂತೆ ರೈಲ್ವೆ ಪೊಲೀಸನೊಬ್ಬ ಚೀಲಕ್ಕೆ ಲಾಠಿ ಕುಟ್ಟಿದ. ಠಣ್ ಎಂದಿತು. ಅವನ ಮುಖ ಗಟ್ಟಿಯಾಯಿತು. ಮಾಬೂಬಿ ಚೀಲ ಬಿಚ್ಚಿ, ಇದು ರೊಟ್ಟಿಯ ಮೋಟಾರ್ ಎಂದು ತನ್ನ ದಖನಿ ಉರ್ದುವಿನಲ್ಲಿ ಹೇಳಿದಳು. "ರೋಟೀ ಕಾ ಮೋಟರ್?" ಎಂದು ಅವನು ಎರಡು ಸಲ ಕೇಳಿದ. ಸಾಕ್ಷಿಗೆಂದು ನಾನು ಬುತ್ತಿಯಿಂದ ಒಂದು ಖಡಕ್ ರೊಟ್ಟಿ ತೆಗೆದು ಕೊಟ್ಟೆ. ಅವನು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಚೀಲವನ್ನು ತಾನೇ ಎತ್ತಿ ಮಾಬೂಬಿಯ ತಲೆಯ ಮೇಲಿಟ್ಟ.

ಕರೆದೊಯ್ಯಲು ಬಂದಿದ್ದ ದಸ್ತಗೀರ ನಮ್ಮನ್ನು ಲೋಕಲ್‌ನ ಹೆಂಗಸರ ಡಬ್ಬಿಗೆ ಹತ್ತಿಸಿ, ಬೈಕುಲ್ಲಾದಲ್ಲಿ ಇಳಿಯಿರಿ ಎಂದು ಹೇಳಿ ತಾನು ಪಕ್ಕದ ಡಬ್ಬಿಗೆ ಓಡಿದ. ಅದೃಷ್ಟಕ್ಕೆ ನನಗೆ ಸೀಟು ಸಿಕ್ಕಿತು. ಕೂತ ಕೂಡಲೇ ಒಬ್ಬ ಹುಡುಗಿ ಬಾಗಿ, "ಆಂಟಿ, ಕಹಾಂ ಉತರೋಗೇ?" ಎಂದಳು. ನಮ್ಮ ಬಸ್ಸಿನಲ್ಲಿ ಎಲ್ಲಿ ಇಳೀತೀರಿ ಎಂದು ಕೇಳುವುದು ಮಾತಿಗೆ ಪೀಠಿಕೆ. ಎಷ್ಟು ಒಳ್ಳೆಯ ಊರು ಎಂದುಕೊಂಡು ನನ್ನ ಹರಕು ಹಿಂದಿಯಲ್ಲಿ ರೊಟ್ಟಿ ಕೇಂದ್ರ, ಸತ್ತ ಬ್ಯಾಟರಿ, ಹಾಸ್ಟೆಲು ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಮತ್ತೆ ಅದೇ ಪ್ರಶ್ನೆ ಕೇಳಿದಳು. ಮಾಬೂಬಿ ನಗುತ್ತ, "ಅಕ್ಕ, ಅಕಿಗೆ ನಿನ್ನ ಕಥಿ ಬ್ಯಾಡ, ನಿನ್ನ ಸೀಟು ಬೇಕು," ಎಂದಳು.

ಬೈಕುಲ್ಲಾ ಬಂತು. ನಾವು ಚೀಲ ಎತ್ತುವಷ್ಟರಲ್ಲಿ ಹತ್ತುವವರ ಅಲೆ ಬಂದು ನಮ್ಮನ್ನು ಮೋಟಾರ್ ಸಮೇತ ಒಳಕ್ಕೆ ತಳ್ಳಿತು. ಕೊನೆಯ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದ ಮೇಲೆಯೇ ನಾವು ಇಳಿದದ್ದು. ಅಳು ಬರುವಂತಾಗಿತ್ತು. ಆಫೀಸಿಗೆ ಓಡುತ್ತಿದ್ದ ಅದೇ ಹುಡುಗಿ ತಿರುಗಿ ಬಂದು, ಚೀಲದ ಒಂದು ಕಿವಿ ತಾನು ಹಿಡಿದು, ಮರಳಿ ಹೋಗುವ ರೈಲಿಗೆ ನಮ್ಮನ್ನು ಹತ್ತಿಸಿದಳು. ಬಾಗಿಲಲ್ಲಿದ್ದವರಿಗೆ, "ಇನ್‌ಕೋ ಬೈಕುಲ್ಲಾ ಉತಾರ್ ದೇನಾ," ಎಂದು ಹೇಳಿ ಓಡಿದಳು. ಬೈಕುಲ್ಲಾದಲ್ಲಿ ನಾಲ್ವರು ಅಪರಿಚಿತ ಹೆಂಗಸರು ನಮ್ಮನ್ನು ಸಾಮಾನಿನಂತೆ ಕೆಳಗಿಳಿಸಿದರು. ಹೆಸರು ಕೇಳಲೂ ಪುರುಸೊತ್ತಾಗಲಿಲ್ಲ. ದಸ್ತಗೀರ ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ದಾರಿ ಕಾಯುತ್ತ ನಿಂತಿದ್ದ.

ಬೈಕುಲ್ಲಾ

ಕಂಪನಿ ಎಂದರೆ ಗಾಜಿನ ಕಟ್ಟಡ ಇರುತ್ತದೆ ಎಂದುಕೊಂಡಿದ್ದೆ. ಹಳೆಯ ಗಿರಣಿಗಳ ನಡುವಿನ ಓಣಿಯಲ್ಲಿ, ಒಂದು ಕಡೆ ಸೋಫಾ ಹೊಲಿಯುವವರು, ಇನ್ನೊಂದು ಕಡೆ ಕಬ್ಬಿಣ ಬೆಸೆಯುವವರು, ಮಧ್ಯೆ ತಗಡಿನ ಛಾವಣಿಯ ಒಂದು ಕೋಣೆ. ಛಾವಣಿಯ ಮೇಲೆ ಸೋಲಾರ್ ಫಲಕಗಳು. ಒಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಂತಿ ಬೆಸೆಯುತ್ತಿದ್ದ ಹುಡುಗಿಯೇ ದಸ್ತಗೀರನ ಮೇಡಂ, ಪ್ರಜ್ಞಾ. ಉಡುಪಿ ಕಡೆಯ ತಂದೆತಾಯಿಗೆ ಇಲ್ಲೇ ಹುಟ್ಟಿ ಬೆಳೆದವಳು.

"ಆಂಟಿ, ನನಗೆ ಕನ್ನಡ ಸಮಜ್ ಆಗ್ತದೆ, ಬಟ್ ಮಾತಾಡುವಾಗ ಸ್ವಲ್ಪ ಅಟಕ್ ಆಗ್ತದೆ. ನಗ್ಬೇಡಿ ಹಾಂ," ಎಂದಳು. ನನ್ನ ಹಿಂದಿ ಕೇಳಿದ ಮೇಲೆ ಅವಳಿಗೆ ಧೈರ್ಯ ಬಂದಿರಬೇಕು.

ಅವಳು ನನ್ನ ಅಂಗೈ ಮೇಲೆ ಟಾರ್ಚಿನ ಸೆಲ್ಲಿಗಿಂತ ತುಸು ದಪ್ಪನೆಯದೊಂದನ್ನು ಇಟ್ಟಳು. ಮೊಬೈಲಿನ ಬ್ಯಾಟರಿಯಲ್ಲಿ ಲಿಥಿಯಂ ಇರುತ್ತದೆ, ಅದು ಎಲ್ಲೆಲ್ಲಿಂದಲೋ ಬರಬೇಕು; ಇದರಲ್ಲಿರುವುದು ಸೋಡಿಯಂ, ಅಡುಗೆ ಉಪ್ಪಿನಲ್ಲಿ ಇರುವಂಥದ್ದು ಎಂದಳು. ಬಿಸಿಲಿದ್ದಾಗ ಅದರ ಕಣಗಳು ಒಂದು ಬದಿಗೆ ಹೋಗಿ ಕೂರುತ್ತವೆ, ನಮಗೆ ಬೇಕಾದಾಗ ಈ ಬದಿಗೆ ಮರಳುತ್ತವೆ, ಅಷ್ಟೇ. ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಸಂಜೆ ಮನೆಗೆ ಬರುವವರ ಹಾಗೆ ಎಂದು ನಾನು ಮಾಬೂಬಿಗೆ ಹೇಳಿದೆ. ಪ್ರಜ್ಞಾ ಅದನ್ನು ಕೇಳಿ ಚಪ್ಪಾಳೆ ತಟ್ಟಿದಳು.

ಆಮೇಲೆ ದಸ್ತಗೀರ ಗಾಜಿನ ಹಿಂದಿನ ಮರಳಿನ ಪೆಟ್ಟಿಗೆಯಲ್ಲಿ ಒಂದು ಸೆಲ್ ಇಟ್ಟು, ಉದ್ದ ಹಿಡಿಕೆ ಒತ್ತಿ ಅದರ ಎದೆಗೇ ಮೊಳೆ ಇಳಿಸಿದ. ನಾನು ಕಣ್ಣು ಮುಚ್ಚಿದೆ. ಬುಸ್ ಎಂದಿತು, ಒಂದೆಳೆ ಹೊಗೆ ಬಂತು. ಮೊಬೈಲಿನ ಬ್ಯಾಟರಿಯಾಗಿದ್ದರೆ ಹತ್ತಿ ಉರಿಯುತ್ತಿತ್ತಂತೆ; ಇದಕ್ಕೆ ಬೆಂಕಿ ಬರಲಿಲ್ಲ. ಈ ದಸ್ತಗೀರ ಹನ್ನೆರಡು ವರ್ಷ ಆ್ಯಸಿಡ್ ಬ್ಯಾಟರಿ ಬಿಚ್ಚಿ ರಿಪೇರಿ ಮಾಡಿದವನು. ಅವನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. "ಆಗ ದಿನಾ ಮನಿಗೆ ಹೋದ್ರ ಅಂಗಿಗೆ ಹೊಸಾ ತೂತು. ಇಲ್ಲಿಗೆ ಬಂದಮ್ಯಾಲ ಒಂದು ಅಂಗಿನೂ ಹರಿದಿಲ್ಲಕ್ಕ," ಎಂದು ತನ್ನ ಅಂಗಿಯ ತೋಳು ಎಳೆದು ತೋರಿಸಿದ.

ಆದರೆ ನಾನು ಬೆರಗಾಗಿ ನಿಂತದ್ದು ಮೂಲೆಯ ಕಪಾಟಿನ ಎದುರು. ಗೋದ್ರೇಜ್ ಬೀರುವಿನಷ್ಟು ಎತ್ತರದ, ದಪ್ಪ ಬಾಗಿಲಿನ ಕಪಾಟು.

"ಕೈ ಹಾಕಿ ನೋಡ್ರಿ ಅಕ್ಕಾರ," ಎಂದ ದಸ್ತಗೀರ. "ನಿಮ್ಮೂರು ಒಳಗ ಐತಿ."

ಬಾಗಿಲು ತೆರೆದ. ಮುಖಕ್ಕೆ ಬಡಿದ ಝಳ ನನಗೆ ಗೊತ್ತಿದ್ದ ಝಳ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಕೇಂದ್ರದ ತಗಡಿನ ಬಾಗಿಲು ತೆಗೆದಾಗ ಬರುವ ಅದೇ ಒಣ ಉಸಿರು. ಮುಂಬೈಯ ಬೆವರು ಹಿಂಡುವ ಸೆಖೆಯ ನಡುವೆ ಅವರು ನಮ್ಮ ಬೇಸಿಗೆಯನ್ನು ಒಂದು ಕಪಾಟಿನಲ್ಲಿ ಕೂಡಿಹಾಕಿದ್ದರು. ಒಳಗಿನ ಸಾಲುಗಳಲ್ಲಿ ಬ್ಯಾಟರಿಗಳು ತಿಂಗಳುಗಟ್ಟಲೆಯಿಂದ ತುಂಬುತ್ತ, ಖಾಲಿಯಾಗುತ್ತ ಕೂತಿದ್ದವು. ಒಂದಕ್ಕೂ ಹೊಟ್ಟೆ ಉಬ್ಬಿರಲಿಲ್ಲ. ನಮ್ಮನ್ನು ಕಂಡೂ ಇರದ, ನಮ್ಮೂರ ಹೆಸರೂ ಕೇಳಿರದ ಒಬ್ಬ ಹುಡುಗಿ ಇಷ್ಟು ದೂರದಲ್ಲಿ ಕೂತು ನಮ್ಮ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಳು. ಆ ಹಿಂದಿನ ಮಾರಾಟಗಾರ ನಮ್ಮ ಅಂಗಳದಲ್ಲೇ ನಿಂತು, ಅದೇ ಬಿಸಿಲಿಗೆ ಕರ್ಚೀಫು ಬೀಸಿಕೊಂಡಿದ್ದ.

ಬೆರಗು ಆಮೇಲಾಯಿತು, ಮೊದಲು ಮೋಟಾರ್ ಎಂದಳು ಮಾಬೂಬಿ. ತಂತಿ ಜೋಡಿಸಿದರು. ಸ್ವಿಚ್ ಹಾಕಿದ ಕೂಡಲೇ ಮೋಟಾರ್ ಸುಯ್ಯೆಂದು ತಿರುಗಿತು. ಪ್ರಜ್ಞಾ ನಕ್ಕಳು. ಮಾಬೂಬಿ ನಗಲಿಲ್ಲ.

"ಖಾಲಿ ಮೋಟಾರ್ ಯಾರ್ ಬೇಕಾದ್ರೂ ತಿರುಗಸ್ತಾರ. ಹಿಟ್ಟು ತುಂಬಿ ನಿಂತಾಗ ಎಬ್ಬಿಸಬೇಕು," ಎಂದು ಒಂದು ಮರದ ಹಲಗೆ ತಂದು ಗಾಲಿಗೆ ಒತ್ತಿ ಹಿಡಿದಳು. "ಈಗ ಹಾಕ್ರಿ."

ಟಕ್. ದೀಪ ಕೆಂಪಾಯಿತು. ಎಲ್ಲ ಸ್ತಬ್ಧ. ಮತ್ತೆ ಹಾಕಿದರು, ಮತ್ತೆ ಟಕ್. ಆ ಸದ್ದು ನನಗೆ ಚೆನ್ನಾಗಿ ಪರಿಚಿತ. ರೊಟ್ಟಿಯ ಹೊತ್ತಿಗೆ ಎಷ್ಟು ನಸುಕುಗಳಲ್ಲಿ ಆ ಟಕ್ ಕೇಳಿದ್ದೇವೆ.

ಪ್ರಜ್ಞಾಳ ಮುಖ ಸಣ್ಣದಾಯಿತು. ಆದರೆ ಅವಳು ನೆಪ ಹೇಳಲಿಲ್ಲ. ಏಳುವಾಗ ಮೋಟಾರ್ ಒಮ್ಮೆಲೇ ಗಬಗಬ ಎಳೆಯುತ್ತದೆ, ಬ್ಯಾಟರಿಯ ಕಾವಲಿಗಿಟ್ಟ ಬೋರ್ಡು ಅದನ್ನು ಕಳ್ಳನೆಂದು ತಿಳಿದು ಬಾಗಿಲು ಹಾಕಿಬಿಡುತ್ತದೆ ಎಂದಳು. ಆಮೇಲೆ ನೋಟ್‌ಬುಕ್ ತೆಗೆದು ಮಾಬೂಬಿಯ ಎದುರು ಕೂತಳು. ಹಿಟ್ಟು ಎಷ್ಟು ಗಟ್ಟಿ? ನಡುವೆ ಎಷ್ಟು ಸಲ ನಿಲ್ಲಿಸುತ್ತೀರಿ? ನಿಂತದ್ದನ್ನು ಎಬ್ಬಿಸಲು ಏನು ಮಾಡುತ್ತೀರಿ?

"ಗಾಲಿ ಕೈಲೇ ಒಂದು ಸುತ್ತು ತಿರುವಿ ಸ್ವಿಚ್ ಹಾಕ್ತೀವಿ. ಬೆರಳು ಸಿಕ್ಕೊಂಡ್ರ ಹೋತು."

ಪ್ರಜ್ಞಾ ಪೆನ್ನು ನಿಲ್ಲಿಸಿದಳು. "ಕೈಯಿಂದ? ಇದು ನನಗೆ ಯಾರೂ ಹೇಳಿರ್ಲಿಲ್ಲ ಆಂಟಿ. ಎರಡು ದಿನ ಕೊಡಿ."

ಆ ಎರಡು ದಿನ ನಾವು ದಸ್ತಗೀರನ ಚಾಳಿನ ಒಂದೇ ಕೋಣೆಯಲ್ಲಿ ಉಳಿದೆವು. ನಮ್ಮ ಕೇಂದ್ರದ ಹಿಟ್ಟಿನ ಕೋಣೆಯಷ್ಟೇ ಜಾಗ. ಅದರಲ್ಲಿ ಅವನ ಸಂಸಾರ, ಅಡುಗೆ, ಹೊಲಿಗೆ ಯಂತ್ರ, ಮೇಲಾಗಿ ನಾವಿಬ್ಬರು. ನಮ್ಮಲ್ಲಿ ಇಷ್ಟು ಜಾಗದಲ್ಲಿ ಜಗಳವಾಗುತ್ತದೆ, ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮೊಣಕಾಲು ಮಡಚಿ ಜಾಗ ಮಾಡಿಕೊಡುತ್ತಾರೆ.

ಮೂರನೆಯ ದಿನ ವರ್ಕ್‌ಶಾಪಿಗೆ ಹೋದಾಗ ಪ್ರಜ್ಞಾ ಸೆಲ್ಲುಗಳ ಇನ್ನೊಂದು ಸಾಲು ಜೋಡಿಸಿದ್ದಳು, ಮೋಟಾರಿಗೆ ಮೊದಲ ಗಳಿಗೆಯಲ್ಲಿ ಸಾವಕಾಶವಾಗಿ ಉಣಿಸುವಂತೆ ಬೋರ್ಡಿಗೆ ಬುದ್ಧಿ ಹೇಳಿದ್ದಳು. ಹಲಗೆ ಒತ್ತಿದರೂ ಮೋಟಾರ್ ಮೂರಕ್ಕೆ ಮೂರು ಸಲ ಎದ್ದಿತು. ಮಾಬೂಬಿ ಹಲಗೆ ಕೆಳಗಿಟ್ಟಳು. ನಾನು ಮಾತ್ರ ಒಪ್ಪಲಿಲ್ಲ. ಹಲಗೆ ಬೇರೆ, ಹಿಟ್ಟು ಬೇರೆ. ಊರಲ್ಲಿ ಹದಿನಾರು ಮನೆಯವರು ನನ್ನ ಬಾಯಿ ನೋಡುತ್ತ ಕೂತಿದ್ದರು.

"ಸಯನ್‌ನ್ಯಾಗ ಮೇಡಂ ಅವರ ಅಪ್ಪಾರದು ಹೋಟೆಲ್ ಐತಿ. ಅಲ್ಲಿ ಬೆಲ್ಟಿನ ಹಳೇ ಗ್ರೈಂಡರ್ ಐತಿ. ಅದಕ್ಕ ನಿಮ್ಮ ಮೋಟಾರ್ ಹಚ್ಚಿ ಹಿಟ್ಟು ರುಬ್ಬಿ ನೋಡಬಹುದು," ಎಂದ ದಸ್ತಗೀರ.

ಪ್ರಜ್ಞಾ ತಲೆ ತಗ್ಗಿಸಿದಳು. "ಪಪ್ಪ ಬಿಡುದಿಲ್ಲ. ಎರಡು ವರ್ಷ ಆಯ್ತು, ನನ್ನ ಒಂದು ವೈರ್ ಕೂಡ ಕಿಚನ್ ಒಳಗೆ ಬಿಟ್ಟಿಲ್ಲ."

"ನಾನು ಕೇಳ್ತೀನಿ, ಫೋನ್ ಹಚ್ಚು," ಎಂದೆ.

ವಡಾಲ

ಬ್ಯಾಟರಿ ಮತ್ತು ಮೋಟಾರನ್ನು ಸಣ್ಣ ಟೆಂಪೋದಲ್ಲಿಟ್ಟುಕೊಂಡು ಹೊರಟೆವು. ವಡಾಲದ ಹತ್ತಿರ ಎತ್ತರದ ರಸ್ತೆಯಿಂದ ಒಂದು ಕಡೆ ನೋಡಿದರೆ ಆಕಾಶಕ್ಕೆ ಮುಟ್ಟಿದ ಕಟ್ಟಡಗಳು, ಇನ್ನೊಂದು ಕಡೆ ಬಯಲು. ಬಯಲಿನಲ್ಲಿ ಮಡಿ ಕಟ್ಟಿದ ಗದ್ದೆಗಳಂತೆ ಚೌಕ ಚೌಕ ನೀರು, ಬದುಗಳ ಮೇಲೆ ಬೆಳ್ಳಗಿನ ಗುಡ್ಡೆಗಳು. ಇಂಥ ಊರಿನ ನಡುವೆ ಯಾರು ಬೆಳೆ ತೆಗೆಯುತ್ತಾರೆ ಎಂದು ಕೇಳಿದೆ. ಉಪ್ಪು ಎಂದಳು ಪ್ರಜ್ಞಾ. ಸಮುದ್ರದ ನೀರು ಬಿಟ್ಟು, ಬಿಸಿಲಿಗೆ ಒಣಗಿಸಿ ತೆಗೆಯುವ ಉಪ್ಪು.

"ಇದೇ ಏನು ನಿನ್ನ ಬ್ಯಾಟರಿಯೊಳಗಿರೋದು?"

"ಇಲ್ಲ ಆಂಟಿ, ಡೈರೆಕ್ಟ್ ಇದೇ ಅಲ್ಲ. ಫ್ಯಾಕ್ಟರಿಯಲ್ಲಿ ತುಂಬ ಶುದ್ಧ ಮಾಡ್ಬೇಕಾಗ್ತದೆ." ಗುಡ್ಡೆಗಳ ಕಡೆ ಕೈ ತೋರಿಸಿ ಹೇಳಿದಳು, "ಚಿಕ್ಕಂದಿನಿಂದ ಈ ಗುಡ್ಡೆ ನೋಡಿ ನೋಡಿಯೇ ಈ ಐಡಿಯಾ ಬಂದದ್ದು ಅಂತ ಎಲ್ಲರಿಗೆ ಹೇಳ್ತೇನೆ. ಸುಳ್ಳು. ಕಾಲೇಜಲ್ಲಿ ಓದಿದ್ದು."

ಆ ಹುಡುಗಿಯ ಮೇಲೆ ನನಗೆ ಪೂರ್ತಿ ವಿಶ್ವಾಸ ಬಂದದ್ದು ಆ ಕ್ಷಣದಲ್ಲಿ. ಅವಳಿಗೆ ಹೇಳಲಿಲ್ಲ.

ಸಯನ್

ಪ್ರಜ್ಞಾಳ ತಂದೆ ಭೋಜಣ್ಣ ಗಲ್ಲಾದ ಹಿಂದಿನಿಂದ ಎದ್ದು ಬಂದು ಕೈ ಮುಗಿದರು. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಬೋಳು ತಲೆ. "ಬನ್ನಿ, ಮೊದ್ಲು ಚಾ ಕುಡೀರಿ. ಅಷ್ಟು ದೂರದಿಂದ ಮೋಟಾರ್ ಹೊತ್ಕೊಂಡು ಬಂದವ್ರಿಗೆ ಇಲ್ಲ ಹೇಳುದು ಹೇಗೆ ಮಾರಾಯ್ತಿ? ಮಗಳಾಗಿದ್ರೆ ಹೇಳ್ತಿದ್ದೆ," ಎಂದರು. ಮಗಳ ಕಡೆ ನೋಡಲಿಲ್ಲ.

ಅವರಿಗೆ ಮಗಳ ಮೇಲೆ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಹದಿನಾರನೆಯ ವಯಸ್ಸಿಗೆ ಇದೇ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದವರಂತೆ. ಬೆಳಗಿನ ಗಿರಾಕಿ ಒಮ್ಮೆ ಇಡ್ಲಿ ಇಲ್ಲವೆಂದು ತಿರುಗಿ ಹೋದರೆ ಮತ್ತೆ ಬರುವುದಿಲ್ಲ ಎಂಬುದು ಅವರು ಕಲಿತ ವಿದ್ಯೆ. ನನಗೆ ಅವರು ತಕ್ಷಣ ಅರ್ಥವಾದರು. ನಮ್ಮಿಬ್ಬರಿಗೂ ಬೆಳಗಾದರೆ ಯಾರಿಗೋ ಉಣಿಸುವ ಭಯ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಅಡುಗೆಮನೆ ಖಾಲಿಯಿತ್ತು. ದಸ್ತಗೀರ, ಮಾಬೂಬಿ ಸೇರಿ ಹಳೆಯ ಗ್ರೈಂಡರಿನ ಮೋಟಾರ್ ಬಿಚ್ಚಿ ನಮ್ಮದನ್ನು ಕೂರಿಸಿ ಬೆಲ್ಟ್ ಬಿಗಿದರು. ಭೋಜಣ್ಣ ತಾವೇ ನೆನೆಸಿದ ಉದ್ದು ತಂದು ಸುರಿದರು. ಒಂದು ಬೋಗುಣಿ, ಎರಡು, ಮೂರು. ಮತ್ತೂ ಸುರಿದರು. "ಪಪ್ಪ, ಇಷ್ಟು ನೀವೇ ಹಾಕುದಿಲ್ಲ," ಎಂದಳು ಪ್ರಜ್ಞಾ. "ಪರೀಕ್ಷೆ ಅಂದ್ರೆ ಪರೀಕ್ಷೆ," ಎಂದರು.

ಗೋಡೆಯ ಪ್ಲಗ್ ಕಿತ್ತು ಎಲ್ಲರಿಗೂ ಕಾಣುವಂತೆ ಮೇಲೆ ಇಟ್ಟರು. ಪ್ರಜ್ಞಾಳ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. ಮಾಬೂಬಿ ಅಭ್ಯಾಸ ಬಲದಿಂದ ಗಾಲಿಗೆ ಕೈ ಹಾಕಲು ಹೋದಳು. "ಮುಟ್ಬೇಡಿ ಆಂಟಿ," ಎಂದಳು ಪ್ರಜ್ಞಾ, "ಅದೇ ಏಳ್ಬೇಕು."

ಸ್ವಿಚ್ ಹಾಕಿದಳು. ನಾನು ಆ ಟಕ್ ಎಂಬ ಸದ್ದಿಗೆ ಕಾಯುತ್ತಿದ್ದೆ. ಬರಲಿಲ್ಲ. ಮೋಟಾರ್ ಒಮ್ಮೆ ಗುಂಯ್ ಎಂದು ನರಳಿತು, ಬೆಲ್ಟ್ ಬಿಗಿಯಿತು, ಕಲ್ಲು ಅರ್ಧ ಸುತ್ತು ಹೋಗಿ, ಯೋಚನೆ ಮಾಡಿದಂತೆ ತಡೆದು, ಪೂರ್ತಿ ತಿರುಗಿತು. ಆಮೇಲೆ ನಿಲ್ಲಲಿಲ್ಲ. ಉದ್ದು ಬಿರಿದು, ಬೆಳ್ಳಗಾಗಿ, ಉಕ್ಕತೊಡಗಿತು. ಭೋಜಣ್ಣ ಬೇಕೆಂದೇ ನಡುವೆ ನಿಲ್ಲಿಸಿದರು. ಗಟ್ಟಿ ಹಿಟ್ಟಿನಲ್ಲಿ ಹೂತ ಕಲ್ಲನ್ನು ಮತ್ತೆ ಎಬ್ಬಿಸಿ ಎಂದರು. ಎದ್ದಿತು.

ಮಾಬೂಬಿ ನನ್ನ ತೋಳು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಬಳೆ ಒತ್ತಿದ ಗುರುತು ಮರುದಿನವೂ ಇತ್ತು. ನಿನ್ನೆ ಬೈಕುಲ್ಲಾದ ತಗಡಿನ ಮೇಲೆ ಬಿದ್ದ ಬಿಸಿಲು ಇವತ್ತು ಟೆಂಪೋದಲ್ಲಿ ಕೂತು ಬಂದು ಸಯನ್‌ನಲ್ಲಿ ಉದ್ದು ರುಬ್ಬುತ್ತಿದೆ. ಯಾರಿಗೆ ಹೇಳಿದರೆ ನಂಬುತ್ತಾರೆ? ಬಿಸಿಲಿನಲ್ಲಿ ಹಪ್ಪಳ ಒಣಗಿಸಿದ್ದೇವೆ, ಮೆಣಸಿನಕಾಯಿ ಒಣಗಿಸಿದ್ದೇವೆ. ಬಿಸಿಲನ್ನೇ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟಿದ್ದನ್ನು ಕಂಡದ್ದು ಅದೇ ಮೊದಲು.

ಭೋಜಣ್ಣ ಒಂದು ಲೋಟದಲ್ಲಿ ನೀರು ತಂದು, ಬೆರಳ ತುದಿಯಿಂದ ಒಂದು ಹನಿ ಹಿಟ್ಟು ಬಿಟ್ಟರು. ಹಿಟ್ಟು ಹಗುರವಾಗಿ ತೇಲಿತು; ಚೆನ್ನಾಗಿ ರುಬ್ಬಿದ್ದರ ಗುರುತು ಅದು. ಆಮೇಲೆ ಮಗಳ ಕಡೆ ತಿರುಗಿದರು.

"ನಿನ್ನ ಸೋಲಾರ್‌ಗೆ ಟೆರೇಸಿನಲ್ಲಿ ಎಷ್ಟು ಜಾಗ ಬೇಕು?" ಎಂದು ಕೇಳಿದರು.

ಪ್ರಜ್ಞಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

ಊರು

ಬ್ಯಾಟರಿ ನಮ್ಮ ಹಿಂದೆ ಲಾರಿಯಲ್ಲಿ ಬಂತು. ಜೋಡಿಸಲು ದಸ್ತಗೀರ ಬಂದು ವಾರವಿದ್ದು ಹೋದ. ಜೂನ್ ಕಳೆಯಿತು, ವರ್ಷವೂ ಕಳೆಯಿತು. ಏಪ್ರಿಲ್ ಬಂದಾಗ ನಾನು ದಿನಾ ಮಧ್ಯಾಹ್ನ ಅದರ ಮೈ ಮುಟ್ಟಿ ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಅದು ಬೆಚ್ಚಗಿರುತ್ತಿತ್ತು, ಉಬ್ಬಲಿಲ್ಲ. ಹಾಸ್ಟೆಲಿಗೆ ಒಂದು ದಿನವೂ ರೊಟ್ಟಿ ತಪ್ಪಲಿಲ್ಲ. ಬೆಳಗಿನ ಹಾಸ್ಟೆಲಿನ ರೊಟ್ಟಿ ಮುಗಿದ ಮೇಲೆ ಈಗ ಹಗಲೆಲ್ಲ ಪೇಟೆಗೆ ಖಡಕ್ ರೊಟ್ಟಿಯನ್ನೂ ಮಾಡುತ್ತೇವೆ.

ಪ್ರಜ್ಞಾ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಅವಳ ಕನ್ನಡ ಸುಧಾರಿಸಿದೆ, ನನ್ನ ಹಿಂದಿ ಇಲ್ಲ. ಮೊನ್ನೆ, "ಏನಾದ್ರೂ ತೊಂದರೆ ಉಂಟಾ ಆಂಟಿ? ಇದ್ದದ್ದು ಇದ್ದ ಹಾಗೆ ಹೇಳಿ, ನಾನು ಬರ್ಕೊಳ್ತೇನೆ," ಎಂದಳು.

ಸ್ಪೀಕರ್ ಹಾಕಿದ್ದೆ. ಎಲ್ಲರೂ ಸುತ್ತ ಕೂತಿದ್ದರು. ಹಿಟ್ಟು ಜರಡಿ ಹಿಡಿಯುವ ನಿಂಗಮ್ಮ, "ಐತಿ ಬರಕೋ ತಂಗಿ," ಎಂದಳು. "ಮದ್ಲ ದಿನಾ ಕರೆಂಟ್ ಹೋಗತಿತ್ತು. ಹೋದಾಗೆಲ್ಲ ಕುಂತು ಚಾ ಕುಡದು, ನಾಲ್ಕು ಹಾಡು ಹೇಳತಿದ್ವಿ. ಈಗ ಕರೆಂಟ್ ಹೋಗಿದ್ದೂ ಗೊತ್ತಾಗಂಗಿಲ್ಲ, ಬಂದಿದ್ದೂ ಗೊತ್ತಾಗಂಗಿಲ್ಲ. ಕುಂಡ್ರಾಕ ಪುರುಸೊತ್ತಿಲ್ಲ. ಇದಕ್ಕೇನ್ ಮಾಡ್ತಿ?"

ಆ ಕಡೆ ಪ್ರಜ್ಞಾ ನಕ್ಕ ಸದ್ದು ಕೇಳಿತು. ಆಮೇಲೆ, "ಅದಕ್ಕೆ ಸ್ವಿಚ್ ಉಂಟಲ್ಲ ಆಂಟಿ," ಎಂದಳು.

ಹದಿನಾರು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಅದು ನಮಗೆ ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮಾಬೂಬಿ ಸ್ವಿಚ್ ಆರಿಸಿದಳು. ಯಂತ್ರ ನಿಂತಿತು. ನಿಂಗಮ್ಮ ಹಾಡು ಎತ್ತಿದಳು.